ಹೊಗೆಗೆ ದೀರ್ಘವಿಲ್ಲ

ಗುರುತು ಪರಿಚಯವಿಲ್ಲದ ಗಂಡಸೊಬ್ಬ ನಿಮ್ಮದೇ ಮನೆಯ ತಾರಸಿಯ ಮೇಲೆ ನಿಂತು ನಿಮಗೇ "ಹೋಗೆ, ಹೋಗೆ" ಅಂದರೆ ಹೇಗಿರುತ್ತದೆ ಹೇಳಿ. ನೀರಜಾಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ತಗಡಿನ ಡಬ್ಬಿಯನ್ನು ನೆಲಕ್ಕೆ ಕುಕ್ಕಿ, ಸೆರಗು ಕೊಡವಿ, ದಡದಡನೆ ಮೆಟ್ಟಿಲಿಳಿದು ಬಂದುಬಿಟ್ಟಳು.

ಅಡುಗೆಮನೆಯಲ್ಲಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಅಪ್ಪ ಶಂಕರನಾರಾಯಣ ಇಳಿದು ಬಂದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆ ಹುಡುಗ ಹೋಗೆ ಅನ್ನಲಿಲ್ಲ ಕಣಮ್ಮ, ಹೊಗೆ ಕೇಳಿದ, ಪೊಗೈ, ಪೊಗೈ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಜೇನುಪೆಟ್ಟಿಗೆ ತೆರೆದವನಿಗೆ ಹೊಗೆ ಬೇಡವೇ? ಹೊಗೆಡಬ್ಬಿ ಹಿಡಿದವಳೇ ಎದ್ದು ಹೋದರೆ ಜೇನು ಸುಮ್ಮನಿರುತ್ತದೆಯೇ?

ತಪ್ಪು ಯಾರದು ಅಂತ ಹೇಳುವುದು ಕಷ್ಟ. ನೀರಜಾ ಹುಟ್ಟಿದ್ದು, ಓದಿದ್ದು, ಈಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದುದು ಎಲ್ಲ ಮದ್ರಾಸಿನಲ್ಲೇ. ಅಡ್ಯಾರಿನ ಮನೆಗೆ ಗ್ಯಾಸ್ ಒಲೆ ಬಂದ ಮೇಲೆ ಹೊಗೆಯೂ ಹೋಯಿತು, ಆ ಪದವೂ ಹೋಯಿತು. ಆದರೆ ಅಜ್ಜಿ ಬೈಯುವಾಗ ಹೇಳುತ್ತಿದ್ದ "ಹೋಗೆ" ಮಾತ್ರ ಚೆನ್ನಾಗಿ ಕಿವಿಯಲ್ಲಿತ್ತು. ಪೆಟ್ಟಿಗೆ ತೆರೆದ ಆ ಹುಡುಗ ಸದಾನಂದನೂ ಕಮ್ಮಿಯಲ್ಲ. ಜೇನು ಕಿವಿಗೆ ಕುಟುಕಿದಾಗ ಯಾರು ತಾನೇ ಹ್ರಸ್ವ ದೀರ್ಘ ನೋಡಿ ಕೂಗುತ್ತಾರೆ?

ಈ ಸದಾನಂದ ಬಂಟ್ವಾಳದ ಕಡೆಯವನು. ಮೈಲಾಪೂರ್ ದೇವಸ್ಥಾನದ ಕಲ್ಯಾಣಿಯ ಹತ್ತಿರ ಅವನ ಸೋದರಮಾವ ಮೋನಪ್ಪನವರ ಹೋಟೆಲು, ಗಲ್ಲಾದಲ್ಲಿ ಇವನು. ಕಾಫಿಗೆ ಹೋಗುತ್ತಿದ್ದ ಶಂಕರನಾರಾಯಣ ತಮ್ಮ ಜೇನಿನ ಗೋಳು ಹೇಳಿಕೊಂಡಾಗ, ಊರಲ್ಲಿ ತುಡುವೆ ಜೇನು ಸಾಕಿದವನು ನಾನು, ಬಂದು ನೋಡುತ್ತೇನೆ ಅಂದಿದ್ದ. ರೈಲ್ವೆಯಿಂದ ನಿವೃತ್ತರಾದ ಮೇಲೆ ಶಂಕರನಾರಾಯಣರಿಗೆ ಆ ಜೇನೇ ಪ್ರಪಂಚ. ಪಂಜಾಬಿನ ಗೆಳೆಯನಿಂದ ರೈಲಲ್ಲಿ ತರಿಸಿದ ಇಟಾಲಿಯನ್ ಜೇನು. ಮೂರು ಪೆಟ್ಟಿಗೆಗಳಲ್ಲಿ ಎರಡು ಖಾಲಿಯಾಗಿದ್ದವು. ಉಳಿದ ಒಂದರ ಬಾಗಿಲಲ್ಲೂ ರೆಕ್ಕೆ ಮುರುಟಿದ ಹುಳುಗಳು ತೆವಳುತ್ತಿದ್ದವು. ವರೋವಾ ಅನ್ನುವ, ಹೇನಿನ ಹಾಗೆ ಮೈಗಂಟಿ ಹೀರುವ ಉಣ್ಣೆ ಹತ್ತಿತ್ತು. ಇದೂ ಹೋದರೆ ಅಪ್ಪ ಮತ್ತೆ ತಾರಸಿ ಹತ್ತುವುದಿಲ್ಲ ಅಂತ ನೀರಜಾಗೆ ಗೊತ್ತಿತ್ತು. ಅವರು ಹೀಗೆ ನಕ್ಕು ಎಷ್ಟೋ ದಿನವಾಗಿತ್ತು.

ಮಾರನೆಯ ದಿನ ಬ್ಯಾಂಕಿನಿಂದ ಬರುವಾಗ ಮೈಲಾಪೂರಿನಲ್ಲಿ ಇಳಿದಳು. ಗಲ್ಲಾದಲ್ಲಿ ಕೂತಿದ್ದವನ ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು, ಕಿವಿ ಉದ್ದಿನ ವಡೆಯ ಹಾಗಾಗಿತ್ತು. ತೆರೆದಿದ್ದ ಇನ್ನೊಂದು ಕಣ್ಣು ಮಾತ್ರ ಅವಳನ್ನು ಕಂಡದ್ದೇ ನಕ್ಕಿತು. ಆ ಒಂದು ಕಣ್ಣಿನ ನಗೆಗೇ ನೀರಜಾ ಬಾಯಿಪಾಠ ಮಾಡಿಕೊಂಡು ಬಂದಿದ್ದ ಇಂಗ್ಲಿಷ್ ಸಾರಿ ಮರೆತೇಹೋಯಿತು.

"ನಂಗೆ ತಪ್ಪಾ ಕೇಳಿಸ್ತು," ಅಂದಳು. "ತುಂಬ ವಲಿಕ್ಕುದಾ? ಅಂದ್ರೆ, ನೋವಾ?"

"ಪರ್ವಾಗಿಲ್ಲ ಮಾರಾಯ್ರೆ. ಜೇನು ಕುಟುಕಿದ್ರೆ ವಾತ ಬರುದಿಲ್ಲ ಅಂತಾರೆ ನಮ್ಮಲ್ಲಿ. ನನಗೆ ಇನ್ನು ನೂರು ವರ್ಷ ಚಿಂತೆ ಇಲ್ಲ."

ಕಾಫಿ ತರಿಸಿದ. ಅವಳು ಜೇನಿಗೆ ಹತ್ತಿದ್ದನ್ನು ತಮಿಳಿನಲ್ಲಿ "ಪೇನ್" ಅಂದಾಗ ಅವನ ಮುಖ ಅರಳಿತು. ತುಳುವಿನಲ್ಲೂ ಹೇನಿಗೆ ಪೇನ್ ಅಂತಲೇ ಹೇಳುವುದು ಎಂದ. ಒಂದು ಪದವಾದರೂ ಇಬ್ಬರಿಗೂ ಒಂದೇ ಆಯ್ತಲ್ಲ ಅಂದ. ಅದು ಹೇನೇ ಆಗಬೇಕಿತ್ತೇ ಎಂದು ಅವಳು ನಕ್ಕಳು, ಲೋಟದಲ್ಲಿದ್ದ ಕಾಫಿ ತುಳುಕಿತು.

ಅಂದಿನಿಂದ ಬೆಳಗಿನ ಬಸ್ಸಿಗೆ ಅವನು ಅಡ್ಯಾರಿಗೆ ಬರತೊಡಗಿದ. ಮಾರ್ಗಳಿ ತಿಂಗಳು, ಅಂದರೆ ನಮ್ಮ ಧನುರ್ಮಾಸ. ಮದ್ರಾಸಿಗೆ ಎಂಥ ಚಳಿಗಾಲ ಅಂತ ನೀವು ಕೇಳಬಹುದು. ಅಲ್ಲಿಯವರು ಮಫ್ಲರ್ ಸುತ್ತಿಕೊಳ್ಳುವುದನ್ನು ನೀವು ನೋಡಿಲ್ಲ. ಮಳೆ ಮುಗಿದು ಹೂವು ಕಡಿಮೆಯಾಗಿ, ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುವ ಕಾಲ. ಮರಿಗಳಿದ್ದರೆ ಉಣ್ಣೆ ಅವುಗಳ ಮುಚ್ಚಿದ ಕೋಣೆಯೊಳಗೆ ಅಡಗುತ್ತದೆ. ಈಗ ಅಡಗಲು ಜಾಗವಿಲ್ಲ, ಔಷಧಿ ಕೊಡುವುದಾದರೆ ಈಗಲೇ. ಇದನ್ನೆಲ್ಲ ಓದಿ ಹೇಳಿದವಳು ನೀರಜಾ, ಕೆಮಿಸ್ಟ್ರಿ ಬಿ.ಎಸ್ಸಿ. ಊರಿನ ತುಡುವೆಗಳು ತಮ್ಮ ಹೇನನ್ನು ತಾವೇ ಹೆಕ್ಕಿಕೊಳ್ಳುತ್ತಿದ್ದುದರಿಂದ ಸದಾನಂದನಿಗೆ ಈ ವಿದ್ಯೆ ಹೊಸದು.

ಕ್ರೋಮ್‌ಪೇಟೆಯ ಚರ್ಮದ ಕಾರ್ಖಾನೆಯೊಂದರಿಂದ ಫಾರ್ಮಿಕ್ ಆಸಿಡ್ ತರಿಸಿದರು. ಕೆಂಪಿರುವೆ ಜಜ್ಜಿದರೆ ಬರುವ ಘಾಟು. ಅವಳು ಅಳೆದು ನೀರಿಗೆ ಬೆರೆಸಿ, ಪುಟ್ಟ ಸೀಸೆಗೆ ತುಂಬಿ, ಬತ್ತಿ ಇಳಿಸಿ ಕೊಡುವಳು. ಅವನು ಪೆಟ್ಟಿಗೆಯೊಳಗೆ ಇಡುವನು. ತಂಪು ಹೊತ್ತಿನಲ್ಲೇ ಮುಗಿಯಬೇಕು. ಬಿಸಿಲೇರಿ ಘಾಟು ಹೆಚ್ಚಿದರೆ ರಾಣಿಯೇ ಸಾಯಬಹುದು.

ಅವನ ಕೈಗಳನ್ನು ನೀರಜಾ ಕದ್ದು ನೋಡುತ್ತಿದ್ದಳು. ಎಷ್ಟು ನಿಧಾನ, ಎಷ್ಟು ಮೃದು. ಒಂದು ಹುಳವೂ ನಜ್ಜಾಗದಂತೆ ಜೇನುತಟ್ಟಿಯ ಚೌಕಟ್ಟು ಎತ್ತುವಾಗ ಅವನು ಉಸಿರನ್ನೂ ಬಿಗಿ ಹಿಡಿಯುತ್ತಿದ್ದ. ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುವ ಕೈಗೆ ಇಷ್ಟು ಮಮತೆ ಎಲ್ಲಿಂದ ಬಂತು ಅಂತ ಅವಳಿಗೆ ಆಶ್ಚರ್ಯ. ಅವನಿಗೋ ಅವಳು ಒಂದು ಹನಿ ಚೆಲ್ಲದೆ ಆಸಿಡ್ ಅಳೆಯುವುದೇ ಒಂದು ಬೆರಗು. ಹೊಗೆ ಬೇಕಾದಾಗ ಮಾತ್ರ ತಲೆ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳುತ್ತಿದ್ದ.

"ಸ್ಮೋಕ್, ಪ್ಲೀಸ್."

ತಪ್ಪಿಯೂ ಕನ್ನಡದಲ್ಲಿ ಕೇಳುತ್ತಿರಲಿಲ್ಲ. ಒಮ್ಮೆ ಪೆಟ್ಟು ತಿಂದ ಪದದ ತಂಟೆ ಯಾಕೆ ಅಂತ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲಾಮೇಲೆ ಆ ಪ್ಲೀಸು ಚುಚ್ಚತೊಡಗಿತು. ಅಷ್ಟು ಮರ್ಯಾದೆ ಅವಳಿಗೆ ಬೇಕಿರಲಿಲ್ಲ.

ಪೆಟ್ಟಿಗೆಯ ತಳಕ್ಕೆ ಎಣ್ಣೆ ಸವರಿ ಹಾಸಿದ ಬಿಳಿ ಕಾಗದದ ಮೇಲೆ ಉಣ್ಣೆಗಳು ಉದುರಿ ಬೀಳತೊಡಗಿದವು, ಕಂದು ಎಳ್ಳು ಚೆಲ್ಲಿದ ಹಾಗೆ. ಸಂಕ್ರಾಂತಿಯ ಎಳ್ಳು ಈ ಸಲ ಬೇಗನೆ ಬಂತು, ಬೆಲ್ಲ ಯಾವಾಗ ಎಂದು ಅಪ್ಪ ಇಬ್ಬರನ್ನೂ ನೋಡಿ ಕೇಳಿದರು. ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

ಬೆಲ್ಲದ ಬದಲು ಬೇವು ಬಂತು. ಬೊಂಬಾಯಿಯಲ್ಲಿ ಹೊಸ ಹೋಟೆಲು ತೆರೆಯುತ್ತಿದ್ದೇನೆ, ಪೊಂಗಲ್ ಮುಗಿದ ಕೂಡಲೆ ಅಲ್ಲಿಗೆ ಹೊರಡು ಎಂದು ಮೋನಪ್ಪನವರು ಹೇಳಿದ್ದರು. ಮದ್ರಾಸೇ ಆಗಬಹುದು ಅಂತ ಇವನು ಅಂದದ್ದಕ್ಕೆ, ಇಲ್ಲಿ ನಿನಗೆ ಎಂತ ಉಂಟು ಅಂತ ಕೇಳಿದರಂತೆ. ಅದಕ್ಕೆ ನೀವೇನು ಹೇಳಿದಿರಿ ಎಂದು ನೀರಜಾ ಕೇಳಿದಳು. ಎಂತ ಹೇಳುದು ಅಂತ ಗೊತ್ತಾಗಲಿಲ್ಲ ಎಂದ ಸದಾನಂದ, ಚೌಕಟ್ಟಿನಿಂದ ಕಣ್ಣೆತ್ತದೆ.

ಒಳ್ಳೇದೇ ತಾನೇ, ಹೋಗಿ ಬನ್ನಿ ಎಂದಳು ಅವಳು. ಅಂದವಳು ಕೆಳಗಿಳಿದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಇವನು ತನ್ನನ್ನು ಕೇಳಲಿ, ಇಲ್ಲೇ ಇರುತ್ತೇನೆ ಅನ್ನಲಿ ಅಂತ ಅವಳ ಜೀವ ಒದ್ದಾಡುತ್ತಿತ್ತು. ಆದರೆ ಬಾಯಿಬಿಟ್ಟು ಕೇಳಲು ಅವಳಿಗೆ ಬಿಗುಮಾನ, ಹೇಳಲು ಅವನಿಗೆ ಭಯ.

ಪೊಂಗಲ್ಲಿನ ಹಿಂದಿನ ದಿನ, ಭೋಗಿಯ ಬೆಳಗು ಕೊನೆಯ ಸಲ ಪೆಟ್ಟಿಗೆ ತೆರೆಯುವುದೆಂದಾಯಿತು. ಆ ದಿನ ಮದ್ರಾಸು ಹೇಗಿರುತ್ತದೆ ಗೊತ್ತಲ್ಲ, ಬೀದಿಬೀದಿಯಲ್ಲಿ ಹಳೆ ಚಾಪೆ, ಮುರುಕು ಬುಟ್ಟಿ, ಸೈಕಲ್ ಟೈರು ಸುಡುತ್ತಾರೆ. ಅಡ್ಯಾರಿನ ಮರಗಳೇ ಕಾಣದಂತೆ ದಟ್ಟ ಹೊಗೆ ಕವಿದಿತ್ತು. ಅಪ್ಪ ಕೆಮ್ಮುತ್ತ ಮೆಟ್ಟಿಲ ಬಾಗಿಲಲ್ಲೇ ನಿಂತರು. ನೀರಜಾ ಹೊಗೆಡಬ್ಬಿ ಹೊತ್ತಿಸಿಯೇ ಇರಲಿಲ್ಲ. ಊರಿಗೆ ಊರೇ ಹೊಗೆ ಹಾಕುತ್ತಿರುವಾಗ ಇವಳ ಡಬ್ಬಿ ಯಾರಿಗೆ ಬೇಕು? ತಾರಸಿಯ ಆಚೆ ಮೂಲೆಗೆ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು.

ಸದಾನಂದ ಚೌಕಟ್ಟು ಎತ್ತಿದ. ಜೇನು ತಣ್ಣಗಿತ್ತು. ತುಸು ಹೊತ್ತು ಬಗ್ಗಿ ನೋಡಿದವನು ಮೆಲ್ಲಗೆ ಕರೆದ.

"ಹೊಗೆ."

ಕನ್ನಡದಲ್ಲಿ. ಪ್ಲೀಸು ಇಲ್ಲದೆ. ನೀರಜಾ ತಿರುಗಿದಳು.

"ಇಷ್ಟು ಪೊಗೈ ಸಾಲದಾ ನಿಮಗೆ? ನನ್ನದು ಹೊತ್ತಿಸಿಯೇ ಇಲ್ಲ."

"ಗೊತ್ತುಂಟು. ಹೊಗೆಗೆ ಕರೆದದ್ದಲ್ಲ. ನೀವು ಹತ್ತಿರ ಬರ್ಲಿ ಅಂತ."

ಅವಳು ಬಂದಳು. ಅವನು ತೋರಿಸಿದ ಕಡೆ ಬಗ್ಗಿ ನೋಡಿದಳು. ಕೋಣೆ ಕೋಣೆಯ ತಳದಲ್ಲೂ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ. ರಾಣಿ ಬದುಕಿದ್ದಳು, ಮತ್ತೆ ಮೊಟ್ಟೆ ಇಡತೊಡಗಿದ್ದಳು. ತಳದ ಕಾಗದದ ಮೇಲೆ ಎಳ್ಳಿರಲಿಲ್ಲ. ನೀರಜಾಗೆ ಕಣ್ಣು ತುಂಬಿತು. ಹೊಗೆಯಿಂದ ಅಂತ ಹೇಳಬಹುದಿತ್ತು, ಹೇಳಲಿಲ್ಲ.

"ಇನ್ನು ನಿಮ್ಮ ಕೆಲಸ ಮುಗೀತು," ಅಂದಳು. "ನಾನು ಕೆಳಗೆ ಹೋಗ್ತೀನಿ."

ಸದಾನಂದ ಚೌಕಟ್ಟನ್ನು ಅದರ ಜಾಗದಲ್ಲಿಟ್ಟ. ಮುಚ್ಚಳ ಹಾಕುವುದನ್ನೂ ಮರೆತು ಅವಳ ಕಡೆ ತಿರುಗಿದ. "ಹೋಗ್ಬೇಡ ನೀರಜಾ," ಅಂದ. "ಅವತ್ತೂ ನಾನು ಹೋಗು ಅನ್ಲಿಲ್ಲ. ಯಾವತ್ತೂ ಅನ್ನುದಿಲ್ಲ."

ಬೇಡಿ ಅನ್ನದೆ ಬೇಡ ಅಂದಿದ್ದ. ಆ ಒಂದು ಏಕವಚನಕ್ಕೆ ಮಾರ್ಗಳಿಯಿಡೀ ಕಾದಿದ್ದವಳು ಮುಖ ಮೇಲೆತ್ತಿದಳು.

"ಅಂದ್ರೂ ನಾನು ಹೋಗಲ್ಲ. ಎಷ್ಟು ದೀರ್ಘ ಹಾಕಿ ಬೇಕಾದ್ರೂ ಹೇಳು."

ಮೆಟ್ಟಿಲ ಬಾಗಿಲಲ್ಲಿದ್ದ ಶಂಕರನಾರಾಯಣರಿಗೆ ಕೆಮ್ಮು ಇದ್ದಕ್ಕಿದ್ದಂತೆ ಜೋರಾಯಿತು, ಅವರು ಕೆಳಗಿಳಿದು ಹೋದರು. ಸದಾನಂದ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಇನ್ನು ಹೋಟೆಲಿಗೆ ಹೋಗಬೇಕು ಅಂದ. ಮದ್ರಾಸಿನಲ್ಲಿ ತನಗೆ ಎಂತ ಉಂಟು ಅಂತ ಮಾವನಿಗೆ ಹೇಳುವುದು ಬಾಕಿ ಇದೆ.

"ಹೇಳಲಿಕ್ಕೆ ಬರುತ್ತಲ್ಲ?" ಎಂದು ನೀರಜಾ ಕೇಳಿದಳು.

"ಬರದಿದ್ರೆ ಅಂತ ನಿನ್ನನ್ನೇ ಕರ್ಕೊಂಡು ಹೋಗುದು," ಎಂದ ಅವನು, ಕೈ ಚಾಚಿ.