ಸಿಕ್ಸ್ ಹಾರ್ಟ್ಸ್ ಕೂಗಿದ ಡಾಕ್ಟರು

ಕೈಯಲ್ಲಿ ನೆಟ್ಟಗೆ ಒಂದು ಇಸ್ಪೀಟೆಲೆ ಇಲ್ಲದಿದ್ದರೂ ಇಷ್ಟು ಸುತ್ತು ಗೆಲ್ತೀವಿ ಎಂದು ಮಹಾರಾಜರ ಗತ್ತಿನಲ್ಲಿ ದೊಡ್ಡ ಬಿಡ್ ಕೂಗುವ ಚಾಳಿ ನಮ್ಮ ಹಲ್ಲಿನ ಡಾಕ್ಟರದು. ಹೆಚ್ಚುಕಮ್ಮಿ ಎಲ್ಲ ಸುತ್ತೂ ನಮ್ಮದೇ ಎನ್ನುವ ಬಿಡ್ ಸ್ಲ್ಯಾಮ್, ಹಾಗಾಗಿ ಬ್ರಿಡ್ಜ್ ಕ್ಲಬ್ಬಿನಲ್ಲಿ ಅವರ ಹೆಸರೇ ಸ್ಲ್ಯಾಮ್ ಡಾಕ್ಟರ್. ಕೂಗಿಬಿಟ್ಟು, ಎಲೆಗಳನ್ನು ಮೇಜಿನ ಮೇಲೆ ಹರಡಿ ಆರಾಮಾಗಿ ಕೂರುವವರು ಅವರು. ಆಮೇಲೆ ಆಡಿ ಏಗುವವಳು ಅವರ ಜೋಡಿಯಾದ ನಾನು.

“ಇಂಥ ಎಲೆ ಇಟ್ಕೊಂಡು ಅದ್ಯಾವ ಧೈರ್ಯದ ಮೇಲೆ ಕೂಗ್ತೀರಿ?”

“ಎದುರಿಗೆ ನೀವಿದ್ದೀರಲ್ಲ ಟೀಚರ್!”

ಹೀಗೆಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಇಡೀ ಕ್ಲಾಸನ್ನು ಕಣ್ಣಲ್ಲೇ ಗದರಿಸುವ ನಾನು, ಎಲೆ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಅಕ್ಕ ನನಗೊಂದು ಸಂಬಂಧ ನೋಡಿದ್ದಳು. ಟೂರ್ನಮೆಂಟ್ ಮುಗಿಯಲಿ, ಹೇಳುತ್ತೇನೆ ಎಂದು ದಿನ ದೂಡುತ್ತಿದ್ದೆ. ಅದು ಡಾಕ್ಟರಿಗೂ ಗೊತ್ತಿತ್ತು.

ಫೈನಲ್ ದಿನ ಬಾಗಿಲಲ್ಲೇ ತಡೆದರು. “ಇವತ್ತು ಗೆದ್ರೆ ನಿಮ್ಮನ್ನ ಒಂದು ಮಾತು ಕೇಳ್ಬೇಕು.”

“ಸೋತ್ರೆ?”

“ಅಪಶಕುನ ನುಡೀಬೇಡಿ ಮಾರಾಯ್ರೇ.” ಅವರ ಕಿವಿ ಕೆಂಪಾಗಿತ್ತು. ಆ ಮಾತು ಏನೆಂದು ನನಗೆ ತಿಳಿಯದೇ ಇದ್ದೀತೇ?

ಕೊನೆಯ ಆಟ. ನನ್ನ ಬಲಕ್ಕೆ ಕೂತ ಲಾಯರ್ ಮೊದಲು ಬಿಡ್ ಕೂಗಿದರು. ನಾನು ಟು ಹಾರ್ಟ್ಸ್ ಎಂದೆ. ಡಾಕ್ಟರು ಕಣ್ಣು ಮಿಟುಕಿಸದೆ ನೇರ ಸಿಕ್ಸ್ ಹಾರ್ಟ್ಸ್‌ಗೆ ಹಾರಿದರು. ಅಂದರೆ ಹದಿಮೂರು ಸುತ್ತಿನಲ್ಲಿ ಹನ್ನೆರಡು ನಾನು ಗೆಲ್ಲಬೇಕು.

ಒಂದು ಸುತ್ತು ಆಗಲೇ ಹೋಗಿತ್ತು. ಉಳಿದಿದ್ದು ಹಾರ್ಟ್ಸ್ ರಾಜನ ಕಾಟ. ದೊಡ್ಡ ಎಲೆ ಇದ್ದೇ ಮೊದಲು ಕೂಗಿದ ಲಾಯರ್ ಹತ್ತಿರವೇ ಅವನಿರಬೇಕು. ನನ್ನ ಕೈಯಲ್ಲಿ ಎಕ್ಕ, ರಾಣಿ ಎರಡೂ ಇದ್ದವು; ಅವರು ಚಿಕ್ಕ ಎಲೆ ಹಾಕಿದರು. ನಾನು ರಾಣಿ ಹಾಕಿ ಸುತ್ತು ಗೆದ್ದು, ಆಮೇಲೆ ಎಕ್ಕದಿಂದ ರಾಜನನ್ನು ಹಿಡಿದರೆ ಮುಗಿಯಿತು, ಹೊಸಬರಿಗೂ ಗೊತ್ತಿರುವ ಆಟ.

ನಾನು ಎಕ್ಕ ಹಾಕಿದೆ. ರಾಜ ಲಾಯರ್ ಕೈಯಲ್ಲಿ ಹಾಯಾಗಿ ಉಳಿದುಕೊಂಡು ಇನ್ನೊಂದು ಸುತ್ತು ಕಿತ್ತುಕೊಂಡ. ಸೋತೆವು.

ಪ್ರತಿ ಆಟ ಮುಗಿದ ಮೇಲೂ ಅದನ್ನು ಬಿಡಿಸಿ ಬಿಡಿಸಿ ಜಗಳವಾಡುವುದು ನಮ್ಮ ರೂಢಿ. ಅಂದು ಡಾಕ್ಟರು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಒಂದು ಸೋಲಿಗೆ ಇಷ್ಟೇನಾ ಎಂದು ನನಗೆ ರೋಷ ಉಕ್ಕಿತು. ಮನೆಗೆ ಹೋಗಿ ಅಕ್ಕ ನೋಡಿದ ಸಂಬಂಧಕ್ಕೆ ಆಗಲಿ ಎಂದುಬಿಟ್ಟೆ.

ಮದುವೆ ನಿಶ್ಚಯವಾಯಿತು; ಅದು ಮುಗಿದ ಮೇಲೆ ಬೇರೆ ಊರಿಗೆ ಹೋಗುವವಳು ನಾನು. ಕ್ಲಬ್ಬಿನವರಿಗೆ ಹೇಳಿ ಬರೋಣವೆಂದು ಹೋದಾಗ ಡಾಕ್ಟರೊಬ್ಬರೇ ಇದ್ದರು. ಅಕ್ಕ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು.

“ಒಂದೇ ಒಂದು ಕೇಳ್ತೀನಿ,” ಎಂದರು. “ಅವತ್ತು ಬೇಕಂತಲೇ ಸೋತ್ರಿ ಅಲ್ವಾ? ನಾನು ಕೇಳ್ಬಾರ್ದು ಅಂತ?”

“ಏನಂದ್ರಿ?”

“ನೀವು ಅಂಥ ತಪ್ಪು ಮಾಡೋರೇ ಅಲ್ಲ. ಬೇಡ ಅನ್ನೋದಕ್ಕೆ ಇದೇ ಮರ್ಯಾದೆಯ ದಾರಿ ಅಂದ್ಕೊಂಡೆ.”

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. “ಅಯ್ಯೋ ದೇವರೇ! ಗೆಲ್ಲಲೇಬೇಕು ಅನ್ನೋ ಗಾಬರಿ ಕಣ್ರೀ. ಯಾವ ಎಲೆ ಹಾಕಿದೆ ಅಂತಾನೂ ಗೊತ್ತಾಗ್ಲಿಲ್ಲ. ಕೆಟ್ಟ ಎಲೆ ಇಟ್ಕೊಂಡು ಸ್ಲ್ಯಾಮ್ ಕೂಗೋರು, ನನ್ನನ್ನ ಒಂದು ಮಾತು ಕೇಳೋಕೆ ಹೆದರಿಬಿಟ್ರಾ?”

ಅವರು ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು. “ಈಗ ಕೇಳಿದ್ರೆ?”

“ಕೇಳ್ಬೇಡಿ. ಕೇಳಿದ್ರೆ ಹೂಂ ಅಂದ್ಬಿಡ್ತೀನಿ.”

ಕೆಳಗಿನಿಂದ ಅಕ್ಕ ಹಾರ್ನ್ ಹೊಡೆದಳು. ಮೆಟ್ಟಿಲು ಇಳಿಯುವಾಗ ನಾನು ಬೇಕಂತಲೇ ನಿಧಾನ ಮಾಡಿದೆ.

ಅವರು ಕೇಳಲಿಲ್ಲ.