ಬಸಪ್ಪ, ವಯಸ್ಸು ನಲವತ್ತೊಂದು

“ಗಂಡನ ಹೆಸರು?” ನರ್ಸ್ ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದಳು.

ದಾಕ್ಷಾಯಣಿ ಪಕ್ಕಕ್ಕೆ ತಿರುಗಿದಳು. ಗಂಡ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುವವನು. ಹತ್ತು ವರ್ಷ ಬೆಂಕಿಯ ಮುಂದೆ ನಿಂತು ಮುಖ ಕಂದಿತ್ತು. ಕಣ್ಣಿನ ತುಂಟತನ ಮಾತ್ರ ಮದುವೆಯ ದಿನ ಇದ್ದ ಹಾಗೇ ಇತ್ತು.

“ನೀವೇ ಹೇಳ್ರಿ,” ಎಂದು ಪಿಸುಗುಟ್ಟಿದಳು.

“ನನ್ನ ಎಲ್ಲಿ ಕೇಳ್ಯಾರ? ನಿನ್ನ ಕೇಳ್ಯಾರ.”

ಮದುವೆಯಾಗಿ ಆರು ವರ್ಷವಾಗಿದ್ದರೂ ಅವಳು ಅವನ ಹೆಸರನ್ನು ಒಮ್ಮೆಯೂ ನಾಲಿಗೆಯ ಮೇಲೆ ತಂದಿರಲಿಲ್ಲ. ಅವಳ ತಾಯಿಯೂ ಗಂಡನ ಹೆಸರು ಹೇಳಿದವಳಲ್ಲ, ಅತ್ತೆಯೂ ಅಲ್ಲ. ಅವಳ ಬಾಯಿಂದ ಒಂದು ಸಲ ಕೇಳಬೇಕು ಎಂಬುದು ಅವನ ಹಟ.

“ಶಿವನ ಗುಡಿ ಮುಂದ ಕುಂತಿರ್ತೈತಲ್ರಿ, ಅದು.”

“ಬಸಪ್ಪನಾ?”

“ಅದರ ಮುಂದ ಇನ್ನೊಂದು ಐತ್ರಿ... ಸಣ್ಣದು...” ದಾಕ್ಷಾಯಣಿ ತಡವರಿಸುತ್ತಿದ್ದಂತೆ ನರ್ಸ್ ನಕ್ಕು ‘ಬಸಪ್ಪ’ ಎಂದು ಬರೆದು ಮುಗಿಸಿದ್ದಳು. ಗಂಡ ಮರಿಬಸಪ್ಪನೂ ನಕ್ಕ. ತಿದ್ದಿಸಲಿಲ್ಲ.

ಅದು 1979ರ ಜೂನ್. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮಕ್ಕಳಾಗದವರಿಗೆ ಔಷಧ ಕೊಡುವ ಲೇಡಿ ಡಾಕ್ಟರ್ ಇದ್ದಾರೆಂದು ಕೇಳಿ ಇಬ್ಬರೂ ಬಂದಿದ್ದರು. ದಾಕ್ಷಾಯಣಿಯ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಿದ್ದವು. “ಗಂಡಸರನ್ನು ಪರೀಕ್ಷೆ ಮಾಡದೆ ನಾನು ಒಂದು ಗುಳಿಗೆಯನ್ನೂ ಕೊಡುವುದಿಲ್ಲ,” ಎಂದಿದ್ದರು ಡಾಕ್ಟರ್. ಆ ಮಾತು ಕೇಳಿದ ಮೇಲೆ ಎಷ್ಟೋ ಗಂಡಸರು ತಿರುಗಿ ಬರುವುದಿಲ್ಲವಂತೆ. ಮರಿಬಸಪ್ಪ ಮುಂದಿನ ವಾರವೇ ಪರೀಕ್ಷೆಗೆ ಬಂದಿದ್ದ; ನರ್ಸ್ ಹೆಸರು ಬರೆದುಕೊಂಡದ್ದು ಆ ದಿನ.

ಹತ್ತು ದಿನ ಬಿಟ್ಟು ಅವನೊಬ್ಬನೇ ಹೋಗಿ ರಿಪೋರ್ಟು ತಂದ. ಡಾಕ್ಟರ್ ಊರಲ್ಲಿರಲಿಲ್ಲ. ಕೌಂಟರಿನಲ್ಲಿ ಹೆಸರು ಕೇಳಿ, ಎಲ್ಲ ನಾರ್ಮಲ್ ಎಂದು ಹೇಳಿ ಕಳಿಸಿದ್ದರು.

“ನನಗ ಮೊದಲೇ ಗೊತ್ತಿತ್ತು,” ಎಂದರು ಅತ್ತೆ ಕೊಟ್ರಮ್ಮ. “ಸೋಮವಾರ ಕುರುಗೋಡಿಂದ ಹಂಪಕ್ಕ ಮಗಳನ್ನ ಕರಕೊಂಡು ಬರ್ತಾಳ, ಮದಿವಿ ಮಾತಿಗೆ. ಹೊರಗಿನಾಕಿ ಅಲ್ಲ, ನಿನ್ನ ಅಕ್ಕನ ಮಗಳು.”

“ಇಕಿದೂ ಸರಿ ಐತಿ ಅಂದಾರವ್ವ.”

“ಇಬ್ಬರದೂ ಸರಿ ಇದ್ರ ಮನ್ಯಾಗ ತೊಟ್ಟಿಲು ಯಾಕಿಲ್ಲಪ?”

ಅವನು ರಿಪೋರ್ಟನ್ನು ಹೆಂಡತಿಯ ಕೈಗಿತ್ತು ಹಿತ್ತಲಿಗೆ ನಡೆದ.

ದಾಕ್ಷಾಯಣಿ ರಿಪೋರ್ಟನ್ನು ಟ್ರಂಕಿನಲ್ಲಿಡಲು ಒಯ್ದಳು. ಏಳನೆಯ ಇಯತ್ತೆ ಓದಿದವಳು, ಅಂಕಿ ಅಂದರೆ ಅವಳ ಕಣ್ಣು ತಾನಾಗಿ ನಿಲ್ಲುತ್ತಿತ್ತು. ಬಸಪ್ಪ. ವಯಸ್ಸು 41.

ಅವಳ ಗಂಡನಿಗೆ ಮೂವತ್ತೆರಡು.

ಸುಮ್ಮನಿದ್ದರೆ ಸೋಮವಾರ ಮನೆಗೆ ಇನ್ನೊಬ್ಬಳು ಬರುತ್ತಾಳೆ. ಬಾಯಿ ಬಿಟ್ಟರೆ ಊರು ತನ್ನನ್ನು ನೋಡಿದ ಹಾಗೆ ನಾಳೆ ಅವನನ್ನು ನೋಡಬಹುದು. ಆ ನೋಟ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಿತ್ತಲಲ್ಲಿ ಅವನು ಕೈಕಾಲು ತೊಳೆಯುತ್ತಿದ್ದ. ಕಾಗದವನ್ನು ಅವನ ಮುಂದೆ ಹಿಡಿದಳು.

“ನಲವತ್ತೊಂದು?” ಅವನು ನಗಲು ನೋಡಿದ. “ನಾ ಇಷ್ಟು ಮುದುಕ ಕಾಣ್ತೀನೇನು?”

“ಬ್ಯಾರೆ ಬಸಪ್ಪಂದು ಇರಬೇಕ್ರಿ. ಅವತ್ತು ನಾ ನೆಟ್ಟಗ ಹೆಸರು ಹೇಳಿದ್ರ ಹಿಂಗ ಆಗ್ತಿರಲಿಲ್ಲ.”

“ನಾ ತಿದ್ದಿಸಬಹುದಿತ್ತು. ನೀ ಒದ್ದಾಡೋದು ನೋಡ್ತಾ ನಿಂತೆ.”

“ನೀವು ಹೂಂ ಅಂದ್ರ ಒಲಿಗೆ ಹಾಕ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ.”

“ಹಾಕಿದ್ರ ಹಂಪಕ್ಕ ಬರ್ತಾಳ.”

“ಬರ್ಲಿ.”

ಹೇಳುವಾಗ ಅವಳ ಹೆಬ್ಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು. ಮರಿಬಸಪ್ಪ ಒದ್ದೆ ಕೈಯಿಂದ ಆ ಬೆರಳನ್ನು ಬಿಡಿಸಿದ.

“ಬರ್ಲಿ ಅನ್ನೋ ಧೈರ್ಯ ನಿನಗೈತಿ. ನನಗಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಾಕ ತಯಾರಾಗು.”

ಬಳ್ಳಾರಿಗೆ ಮುಂಚೆ ಅವನು ಹೆಂಡತಿಯೊಂದಿಗೆ ಕುರುಗೋಡಿನಲ್ಲಿ ಇಳಿದು ಅಕ್ಕನ ಮನೆಗೆ ಹೋದ. ಅಕ್ಕ ಮಜ್ಜಿಗೆ ತರುವ ತನಕವೂ ಕಾಯಲಿಲ್ಲ.

“ಅಕ್ಕಾ, ಕೊರತಿ ನನ್ನಾಗೇ ಇರಬಹುದು. ಇಲ್ಲದಿದ್ರೂ ನಾ ಇನ್ನೊಂದು ಮದಿವಿ ಒಲ್ಲೆ. ಹುಡುಗಿಗೆ ಬ್ಯಾರೆ ವರ ನೋಡು.”

ಹಂಪಕ್ಕ ತಮ್ಮನ ಹಿಂದೆ ನಿಂತಿದ್ದ ದಾಕ್ಷಾಯಣಿಯನ್ನು ನೋಡಿದಳು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟಳು. “ನನ್ನ ಮಗಳು ಎರಡು ದಿನದಿಂದ ಅಳಾಕತ್ಯಾಳಪ್ಪ. ಸಣ್ಣಾಕಿದ್ದಾಗ ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು ತಿರುಗಿದ ಮಾವನ್ನ ಹೆಂಗ ಗಂಡ ಅನ್ಲಿ ಅಂತ. ಅವ್ವಗ ಹೇಳೋರು ಯಾರು ಅಂತ ಸುಮ್ಮಕಿದ್ದೆ.”

ಹೊಸ ಪರೀಕ್ಷೆಯಾಯಿತು. ಈ ಸಲ ಹೆಸರನ್ನು ಅವನೇ ಬರೆಸಿದ. ವೀರ್ಯಾಣುಗಳ ಸಂಖ್ಯೆ ಕಡಿಮೆ ಎಂದು ಬಂತು. ಲೇಡಿ ಡಾಕ್ಟರ್ ಅವನನ್ನು ಹತ್ತಿರದ ಸರ್ಜನ್ ಬಳಿಗೆ ಕಳಿಸಿದರು.

“ವೃಷಣದ ಮೇಲಿನ ರಕ್ತನಾಳ ಉಬ್ಬಿಕೊಂಡಿದೆ,” ಎಂದರು ಸರ್ಜನ್. “ಸಣ್ಣ ಆಪರೇಷನ್. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡೋಣ. ಮಗು ಆಗೇ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಆದರೆ ಅವಕಾಶ ಹೆಚ್ಚುತ್ತದೆ. ಬಾಯ್ಲರ್ ಕೆಲಸ ಬಿಡಿ, ಆ ಶಾಖ ಒಳ್ಳೆಯದಲ್ಲ.”

ಬಸ್ಸಿನಲ್ಲಿ ಅವನು ಕಿಟಕಿಯಾಚೆಯ ಕಾಲುವೆ ನೋಡುತ್ತ ಕುಳಿತಿದ್ದ.

“ಬ್ಯಾಸರ ಆತೇನ್ರಿ?”

“ಆರು ವರ್ಷ ನಿನ್ನ ಮ್ಯಾಲೆ ಹಾಕಿದ ಭಾರ ನಂದು. ಅದಕ್ಕ.”

“ಈಗ ಇಬ್ಬರೂ ಹಿಡಿಯೋಣಂತ ಬಿಡ್ರಿ. ಹಗುರ ಆಗ್ತೈತಿ.”

ಮನೆಯಲ್ಲಿ ಅವನು ಅವ್ವನಿಗೆ ಒಂದನ್ನೂ ಮುಚ್ಚಿಡದೆ ಹೇಳಿದ. ಕೊಟ್ರಮ್ಮ ಎರಡು ದಿನ ತಮ್ಮ ತಾಟು ಹಿಡಿದು ಹಿತ್ತಲಲ್ಲಿ ಒಬ್ಬರೇ ಕುಳಿತು ಉಂಡರು. ಮೂರನೆಯ ದಿನ ಸೊಸೆಯ ತಾಟಿಗೆ ತಾವೇ ರೊಟ್ಟಿ ಹಾಕಿ, “ಆಪರೇಷನ್ ಯಾವತ್ತಂತ? ನಾನೂ ಬರ್ತೀನಿ,” ಎಂದರು.

ಆಪರೇಷನ್ನಿನ ಬೆಳಿಗ್ಗೆ ಸರ್ಜನ್ನರ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಅತ್ತೆ ಸೊಸೆ ಪಕ್ಕಪಕ್ಕ ಕುಳಿತಿದ್ದರು. ಮರಿಬಸಪ್ಪ ಬಟ್ಟೆ ಬದಲಿಸಲು ಒಳಕೋಣೆಗೆ ಹೋಗಿದ್ದ. ವಾರ್ಡ್‌ಬಾಯ್ ಆಪರೇಷನ್ ಥಿಯೇಟರಿನ ಬಾಗಿಲು ತೆರೆದು, ಹೆಸರನ್ನು ಮೊಟಕು ಮಾಡಿ ಕೂಗಿದ: “ಬಸಪ್ಪ ಯಾರ್ರೀ?”

ಬಳ್ಳಾರಿಯಲ್ಲಿ ಬಸಪ್ಪ ಎಂದು ಕೂಗಿದರೆ ಏಳುವವನು ಒಬ್ಬನೇ ಇರುತ್ತಾನೆಯೇ? ಮೂಲೆಯಲ್ಲಿ ಹಲ್ಲುನೋವಿಗೆ ಕೆನ್ನೆ ಹಿಡಿದು ಕುಳಿತಿದ್ದ ಮುದುಕ ಎದ್ದ. ವಾರ್ಡ್‌ಬಾಯ್ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೊರಟೇಬಿಟ್ಟ.

ದಾಕ್ಷಾಯಣಿ ಎದ್ದು ನಿಂತಳು. ದನಿ ನೆಟ್ಟಗಿತ್ತು.

“ಅವರಲ್ಲ ತಮ್ಮಾ. ಮರಿಬಸಪ್ಪ. ವಯಸ್ಸು ಮೂವತ್ತೆರಡು. ಸಿರುಗುಪ್ಪ.”

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕ ನಿರಾಳವಾಗಿ ಹಿಂದಕ್ಕೆ ಬಂದು ಕುಳಿತ. ಅವಳು ಮೆಲ್ಲಗೆ ಅತ್ತೆಯ ಕಡೆ ಕಣ್ಣು ಹಾಯಿಸಿದಳು.

ಕೊಟ್ರಮ್ಮ ಎಲೆಯಡಿಕೆ ಚೀಲದ ದಾರ ಬಿಗಿಯುತ್ತಿದ್ದರು. “ನನ್ನ ಮುಖ ಏನ್ ನೋಡ್ತಿ? ಒಳಗ ಇದ್ದಂವಗ ಕೇಳ್ಸಿರಲಿಕ್ಕಿಲ್ಲ. ಇನ್ನೊಮ್ಮೆ ಕರಿ, ಗಟ್ಟಿಯಾಗಿ.”

ದಾಕ್ಷಾಯಣಿ ಕರೆದಳು.

ಮೊದಲ ಸಲವೇ ಅವನಿಗೆ ಕೇಳಿಸಿತ್ತು. ಹಸಿರು ಗೌನು ತೊಟ್ಟು, ಚಿಲಕದ ಮೇಲೆ ಕೈಯಿಟ್ಟು, ಎರಡನೆಯದಕ್ಕಾಗಿ ಬಾಗಿಲ ಹಿಂದೆ ನಿಂತಿದ್ದ.