ಅರ್ಧ ಸುತ್ತು

ಅಭಿಜಿತ್ ಲಂಡನ್ ಬಿಟ್ಟು ಹೋಗುತ್ತಾನೆ ಅನ್ನುವ ಸುದ್ದಿ ರುದ್ರೇಶನಿಗೆ ಗೊತ್ತಾದದ್ದು ಎರಡನೇ ರೊಟ್ಟಿಯ ಹೊತ್ತಿಗೆ. ಪಲ್ಯ ಬಡಿಸುತ್ತಿದ್ದ ವಂದನಾ, "ಅಬರ್ಡೀನ್‌ದಾಗ ಜ್ವಾಳದ ಹಿಟ್ಟು ಸಿಗತೈತೋ ಇಲ್ಲೋ ಕಾಕಾ" ಎಂದು ಬಾಯಿಬಿಟ್ಟಳು. ಅವಳ ಗಂಡ ಅಭಿಜಿತ್‌ಗೆ ಹೊಸ ನೌಕರಿ. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುತ್ತ ಸ್ಕಾಟ್ಲೆಂಡ್ ತುಂಬ ಕಾರಿನಲ್ಲಿ ತಿರುಗುವುದು. ಇನ್ನು ಆರು ವಾರಕ್ಕೆ ಹೊರಡಬೇಕು. ರುದ್ರೇಶ "ಭಾಳ ಚಲೋ ಆತು" ಅಂದ. ಮೂರನೇ ರೊಟ್ಟಿ ಮಾತ್ರ ಬೇಡವೆಂದ.

ಅವನಿಗೆ ಅರವತ್ನಾಲ್ಕು. ಧಾರವಾಡದಿಂದ ಬಂದು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ನಾಲ್ಕು ವರ್ಷದ ಹಿಂದೆ ಹೆಂಡತಿ ರತ್ನಾ ತೀರಿಕೊಂಡಳು, ಮಕ್ಕಳಿಲ್ಲ. ಲಂಡನ್ನಿನ ಅಂಚಿನ ಕೆಂಟನ್‌ನ ಆ ಬೀದಿಯಲ್ಲಿ ಎಲ್ಲರೂ ಗುಜರಾತಿಗಳು, ಒಳ್ಳೆಯವರೇ, ಕೆಮ್ ಛೋ ಅಂದರೆ ಇವನೂ ಕೆಮ್ ಛೋ ಅನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಕನ್ನಡ ಅಂತ ಕಿವಿಗೆ ಬೀಳುವುದು ಮೂರು ಮನೆ ಆಚೆ, ಭಾನುವಾರ ಮಧ್ಯಾಹ್ನ, ಅಭಿಜಿತ್‌ನ ಅಡಿಗೆಮನೆಯಲ್ಲಿ. ಉಳಿದ ಆರು ದಿನ ರತ್ನಾಳ ಜೊತೆಗೇ ಮಾತು. ಚಹಾ ಕುದಿಸುವಾಗ, ಬಟ್ಟೆ ಮಡಿಸುವಾಗ, ಅವಳು ಪಕ್ಕದ ಕೋಣೆಯಲ್ಲಿದ್ದಾಳೆ ಅನ್ನುವ ಹಾಗೆ.

ಆ ರಾತ್ರಿಯೂ ಹೇಳಿದ. "ಕೇಳಿದೇನ, ಹೊಂಟಾರಂತ. ನನಗ ಒಂದು ಮಾತೂ ಕೇಳಲಿಲ್ಲ ನೋಡು." ಕೇಳುವುದಕ್ಕೆ ಅವನೇನು ಅಭಿಜಿತ್‌ನ ಅಪ್ಪನೇ? ಅಲ್ಲ. ಅದು ಗೊತ್ತಿದ್ದೇ ಹೊಟ್ಟೆ ಇನ್ನಷ್ಟು ಉರಿಯಿತು.

ಅವರನ್ನು ಇಲ್ಲೇ ಉಳಿಸಿಕೊಳ್ಳುವ ದಾರಿ ತೋರಿಸಿದವನು ಅಭಿಜಿತ್ತೇ. ಬುಧವಾರ ಬಾಗಿಲಲ್ಲಿ ನಿಂತು, "ಕಾಕಾ, ಆ ರಡಾರ್ ಡಿಟೆಕ್ಟರ್ ಕೈಕೊಡಾಕತ್ತೈತಿ. ನಡುನಡುವ ತಾನ ಬಂದ್ ಆಗತೈತಿ, ತಾನ ಚಾಲೂ ಆಗತೈತಿ. ಶನಿವಾರ ಒಂಚೂರು ನೋಡ್ತೀರೇನ್ರಿ?" ಅಂದ. ಮುಂದೆ ಎಲ್ಲಿ ಸ್ಪೀಡ್ ಕ್ಯಾಮೆರಾ ಇದೆಯೆಂದು ಕೂಗಿ ಹೇಳುವ ಸಣ್ಣ ಪೆಟ್ಟಿಗೆ ಅದು. ವಯರ್ ಜೋತಾಡುವುದು ಬೇಡವೆಂದು ಅಭಿಜಿತ್ ವೀಡಿಯೊ ನೋಡಿಕೊಂಡು ಅದನ್ನು ನೇರ ಫ್ಯೂಸ್ ಬಾಕ್ಸಿಗೇ ಜೋಡಿಸಿದ್ದ. "ಲೈಸೆನ್ಸ್ ಮ್ಯಾಲ ದಂಡದ ಒಂಬತ್ತು ಪಾಯಿಂಟ್ ಕುಂತಾವ. ಇನ್ನ ಮೂರು ಬಿದ್ದ್ವು ಅಂದ್ರ ಆರು ತಿಂಗಳು ಗಾಡಿ ಮುಟ್ಟಂಗಿಲ್ಲ. ಹೊಸ ನೌಕರಿನೂ ಹೋತು."

"ನಿಧಾನ ಹೊಡಿಯೋದು ಕಲಿಯಪಾ ಮೊದಲ," ಅಂದ ರುದ್ರೇಶ. ಅಷ್ಟರಲ್ಲಿ ತಲೆ ಆಗಲೇ ಕೆಲಸ ಶುರುಮಾಡಿತ್ತು.

ಅಭಿಜಿತ್ ದಿನಾ ಬೆಳಿಗ್ಗೆ ಸ್ಟ್ಯಾನ್‌ಮೋರ್ ಸ್ಟೇಷನ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಟ್ಯೂಬ್ ರೈಲು ಹಿಡಿದು ಕ್ಯಾನರಿ ವಾರ್ಫ್‌ನ ಆಫೀಸು ಸೇರುತ್ತಾನೆ. ದಿನಾ ತಡ, ದಿನಾ ಅವಸರ. ಗುರುವಾರ ರುದ್ರೇಶ ತನ್ನ ಪಾಸ್ ಹಿಡಿದು ಅದೇ ದಾರಿಯ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟಿಗೆ ಕೂತ. ಶುಕ್ರವಾರವೂ ಕೂತ. ಪೈಪಿಗಾಗಿ ರಸ್ತೆ ಅಗೆದು ಮುಚ್ಚಿದ ಒಂದು ತೇಪೆ, ಬಸ್ಸೇ ಧಡಕ್ಕೆಂದು ಎಗರುತ್ತದೆ. ಅದನ್ನು ದಾಟಿ ಒಂದು ಇಳಿಜಾರು. ಇಳಿಜಾರಿನ ಕೊನೆಗೆ, ಎರಡೂ ದಿನ, ಪೊಲೀಸರ ಸ್ಪೀಡ್ ಕ್ಯಾಮೆರಾ ವ್ಯಾನು. ತೇಪೆಯಿಂದ ವ್ಯಾನಿಗೆ, ಅಭಿಜಿತ್‌ನ ಓಟದಲ್ಲಿ, ಹದಿನೈದು ಸೆಕೆಂಡು. ಬಸ್ಸಿನಲ್ಲಿ ಪಕ್ಕದ ಮುದುಕಿ ಇವನನ್ನು ನೋಡಿ ನಕ್ಕಳು. ಇಳಿಯುವ ಜಾಗ ತಪ್ಪಿಹೋಗಿದೆ ಅಂದುಕೊಂಡಿರಬೇಕು.

ಶನಿವಾರ ಕಾರು ಮನೆಮುಂದಿನ ಹೆಡ್ಜಿಗೆ, ಆ ಹಸಿರು ಗಿಡದ ಬೇಲಿಗೆ, ಮೂತಿ ಆನಿಸಿ ನಿಂತಿತ್ತು. ರುದ್ರೇಶ ಮೀಟರ್ ಹಚ್ಚಿದ. ಫ್ಯೂಸಿನಲ್ಲಿ ಹನ್ನೆರಡು ವೋಲ್ಟ್, ಚೊಕ್ಕ. ವಯರು ಎಲ್ಲೂ ತುಂಡಾಗಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿದರೆ ಅರ್ತ್ ವಯರನ್ನು ಪೇಂಟಿನ ಮೇಲೆಯೇ ಬೋಲ್ಟಿಗೆ ಕಟ್ಟಿದ್ದಾನೆ ಪುಣ್ಯಾತ್ಮ! ಪೇಂಟಿನ ಮೇಲೆ ಕಟ್ಟಿದರೆ ಕರೆಂಟಿಗೆ ದಾರಿ ಎಲ್ಲಿ? ಪೇಂಟ್ ಕೆರೆದು, ಹೊಳೆಯುವ ಲೋಹ ತೋರಿಸಿ, ನಟ್ ಬಿಗಿದ. ಡಿಟೆಕ್ಟರ್ ಒಂದೇ ಸಮನೆ ಚಾಲೂ ಉಳಿಯಿತು. ಅಭಿಜಿತ್ ಕೈಮುಗಿದು, "ನೀವು ಇರಲಿಲ್ಲಂದ್ರ ಏನ್ ಮಾಡ್ತಿದ್ನೋ ಕಾಕಾ. ಚಹಾ ಇಡಾಕ ಹೇಳಿ ಬರ್ತೀನಿ" ಎಂದು ಒಳಗೆ ಹೋದ.

ಆಗ ರುದ್ರೇಶ ಪಾನಾ ಮತ್ತೆ ಎತ್ತಿಕೊಂಡ. ಒಂದು ಸಲ ಸುತ್ತ ನೋಡಿದ. ಬೀದಿಯಲ್ಲಿ ಯಾರಿಲ್ಲ, ಅಡಿಗೆಮನೆಯ ಕಿಟಕಿ ಹಿಂದಿನ ಕಡೆಗಿದೆ. ಕನ್ನಡಿಯ ಹಿಂದೆ ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಇತ್ತು, ಕಾರಿನ ಕೀಲಿ ತಿರುಗಿಸಿಟ್ಟಿದ್ದರಿಂದ ಅದರ ಕೆಂಪು ದೀಪ ಉರಿಯುತ್ತಿತ್ತು. ಅದನ್ನೂ ಅವನು ಲೆಕ್ಕಕ್ಕೆ ಹಿಡಿದ. ಅದು ನೋಡುವುದು ಹೊರಗೆ, ಮುಂದಕ್ಕೆ, ಮುಂದಿರುವುದು ಹೆಡ್ಜು. ಬೇಕಾದಷ್ಟು ನೋಡಿಕೊಳ್ಳಲಿ. ತೆಗೆಯಲು ಹೋದರೆ ಗುರುತು ಉಳಿಯುತ್ತದೆ ಎಂದು ಮುಟ್ಟಲಿಲ್ಲ. ಮೂವತ್ತು ವರ್ಷದ ಕೈ, ಅವಸರ ಮಾಡುವುದಿಲ್ಲ.

ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಡ್ಯಾಶ್‌ಬೋರ್ಡಿನ ಕೆಳಗೆ ಮುಷ್ಟಿಯಿಂದ ಗುದ್ದಿದ. ಡಿಟೆಕ್ಟರ್ ಕಣ್ಣು ಮುಚ್ಚಿತು. ಮತ್ತೆ ಎಚ್ಚರವಾಗಲು ಇಪ್ಪತ್ತೆರಡು ಸೆಕೆಂಡು, ವ್ಯಾನು ಮುಟ್ಟಲು ಹದಿನೈದೇ ಸಾಕು. ಎಚ್ಚರವಾದಾಗ ಮಾಡುವ ಸಣ್ಣ ಸದ್ದು ಅಭಿಜಿತ್ ಹಾಕುವ ಹಾಡಿನಲ್ಲಿ ಮುಳುಗಿಹೋಗುತ್ತದೆ. ಮತ್ತೊಮ್ಮೆ ಗುದ್ದಿದ, ಮತ್ತೊಮ್ಮೆ ಎಣಿಸಿದ. ಕೆಲಸ ಮುಗಿಯುವವರೆಗೂ ಎಂದಿನಂತೆ ರತ್ನಾಳಿಗೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದ. ಎಷ್ಟು ಚೊಕ್ಕ ಅಪರಾಧ! ಕದ್ದದ್ದಿಲ್ಲ, ಮುರಿದದ್ದಿಲ್ಲ. ಸಡಿಲಾದ ನಟ್ಟಿಗೆ ಯಾರೂ ಬೆರಳು ತೋರಿಸಲಾರರು. ಜೋರಾಗಿ ಓಡಿಸುವವನು ಅಭಿಜಿತ್ತೇ, ಇವನಲ್ಲ.

ಮಂಗಳವಾರವೇ ಕೆಲಸ ಆಗಿಹೋಗಿತ್ತು, ವ್ಯಾನು ಅಭಿಜಿತ್‌ನ ಕಾರನ್ನು ಹಿಡಿದಿತ್ತು. ಪೊಲೀಸರ ಪತ್ರ ಬಂದದ್ದು ಮುಂದಿನ ವಾರ. ಲೈಸೆನ್ಸ್ ಹೋಗಲಿದೆ ಎಂದು ಅಭಿಜಿತ್ ಹೊಸ ಕಂಪನಿಗೆ ಮುಚ್ಚಿಡದೆ ಹೇಳಿದ. ಅವರು ಮರುದಿನವೇ ಬೇಡವೆಂದರು.

ಸುದ್ದಿ ಕೇಳಿ ರುದ್ರೇಶನಿಗೆ ಮೊದಲು ಆದದ್ದು ಸಂತೋಷ, ಸುಳ್ಳೇಕೆ? ಆಮೇಲೆ ಅಭಿಜಿತ್‌ನ ಸಪ್ಪೆ ಮುಖ ನೋಡಿ ಎದೆಯಲ್ಲಿ ಏನೋ ಚುಚ್ಚಿತು. ಹುಡುಗ ಒಂದು ಸಲವೂ ಇವನನ್ನು ಅನುಮಾನಿಸಲಿಲ್ಲ. "ನನ್ನ ರಿಪೇರಿ ಬರೋಬ್ಬರಿ ಐತಿ. ಆ ಪೆಟ್ಟಿಗಿನ ಖೊಟ್ಟಿ," ಎಂದು ರುದ್ರೇಶನೇ ದಾರಿ ಹೇಳಿಕೊಟ್ಟ. "ಮಾರಿದವರಿಗೆ ಬರಿ. ಬಿಡಬ್ಯಾಡ ಅವರನ್ನ." ಅವತ್ತೇ ಏನೋ ನೆಪ ಹೇಳಿ ಕಾರಿನೊಳಗೆ ಬಗ್ಗಿ ಅರ್ಧ ಸುತ್ತು ಬಿಗಿದು ಬಂದ. ಈಗ ಸಡಿಲ ನಟ್ಟೂ ಇಲ್ಲ.

ಭಾನುವಾರ ಅಡಿಗೆಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು. ವಂದನಾಳ ಕಣ್ಣು ಊದಿತ್ತು, ಆದರೂ "ಇನ್ನ ಇಲ್ಲೇ ಇರ್ತೀವಲ್ಲ ಕಾಕಾ, ದಿನಾ ಬರ್ರಿ ಊಟಕ್ಕ" ಅಂದಳು. ದಿನಾ! ರುದ್ರೇಶ ಅವತ್ತು ಮೂರನೇ ರೊಟ್ಟಿ ಕೇಳಿ ಹಾಕಿಸಿಕೊಂಡ. ಅವರ ಏಳು ವರ್ಷದ ಮಗಳು ಅನ್ವಿತಾ ಅವನ ತೊಡೆಗೆ ಒರಗಿ ಕೂತಿದ್ದಳು. ಅಭಿಜಿತ್ ಟೀವಿಯ ಹಿಂದೆ ಏನೋ ಸಿಕ್ಕಿಸುತ್ತಿದ್ದ. "ನೀವು ಹೇಳಿದಂಗ ಅವರಿಗೆ ಬರದೆ ಕಾಕಾ. ಡಿಟೆಕ್ಟರ್ ಯಾವತ್ತಿಂದ ಕೆಟ್ಟೈತಿ, ಪುರಾವೆ ಕಳಸ್ರಿ ಅಂತಾರ. ಡ್ಯಾಶ್‌ಕ್ಯಾಮಿನ ಕಾರ್ಡು ತಂದೀನಿ. ದಿನಕ್ಕ ಅರ್ಧ ತಾಸು ಓಡೋ ಗಾಡಿ, ತಿಂಗಳದ್ದೆಲ್ಲ ಹಂಗ ಐತಿ. ನೀವು ರಿಪೇರಿ ಮಾಡಿದ ಶನಿವಾರದಿಂದನ ನೋಡೋಣ."

ಟೀವಿಯ ತುಂಬ ಹಸಿರು ಹೆಡ್ಜು. ರುದ್ರೇಶ ನಿರಾಳವಾಗಿ ರೊಟ್ಟಿ ಮುರಿದ. "ಡ್ಯಾಡ್, ಇಟ್ಸ್ ಜಸ್ಟ್ ಎ ಹೆಡ್ಜ್," ಎಂದು ಅನ್ವಿತಾ ರಾಗ ಎಳೆದಳು. ಆಮೇಲೆ ಹೆಡ್ಜಿನ ಹಿಂದಿನಿಂದ ಎಂಬಂತೆ, ಕೋಣೆಯ ತುಂಬ, ಒಂದು ಮುದಿ ಗಂಟಲು ಮಾತಾಡತೊಡಗಿತು. "ಅರ್ಧ ಸುತ್ತು ಸಾಕು ರತ್ನಾ. ತ್ಯಾಪಿ ಮ್ಯಾಲ ಗಾಡಿ ಜಿಗೀತೈತಿ, ಇದು ಬಂದ್ ಆಗತೈತಿ, ವ್ಯಾನ್ ಹಿಡೀತೈತಿ." ಅನ್ವಿತಾ ಚಪ್ಪಾಳೆ ತಟ್ಟಿ, "ಅಜ್ಜಾ, ದಟ್ಸ್ ಯೂ!" ಎಂದು ನಕ್ಕಳು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ಕ್ಯಾಮೆರಾ ಎತ್ತ ನೋಡುತ್ತದೆ ಎಂದು ಯೋಚಿಸಿದ್ದ ರುದ್ರೇಶ, ಅದು ಕೇಳಿಸಿಕೊಳ್ಳುತ್ತದೆ ಎಂದು ಯೋಚಿಸಿರಲಿಲ್ಲ. ನಾಲ್ಕು ವರ್ಷದಿಂದ ಅವನು ಗಟ್ಟಿಯಾಗಿ ಆಡಿದ್ದನ್ನು ಯಾರೂ ಕೇಳಿರಲಿಲ್ಲ, ಅದಕ್ಕೇ ತಾನು ಗಟ್ಟಿಯಾಗಿ ಮಾತಾಡುತ್ತೇನೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಅಭಿಜಿತ್ ರಿಮೋಟ್ ಹಿಡಿದು ನಿಂತೇ ಇದ್ದ, ಆಫ್ ಮಾಡಲಿಲ್ಲ. ಟೀವಿಯೊಳಗಿನ ರುದ್ರೇಶ ಧಡ್ ಎಂದು ಗುದ್ದಿ, ಇಪ್ಪತ್ತೆರಡರವರೆಗೆ ಎಣಿಸಿ, ಮೂಗು ಎಳೆದುಕೊಂಡು ಅಂದ: "ತಪ್ಪು ಅಂತ ಗೊತ್ತೈತಿ ನನಗ. ಆದ್ರ ಇವರೂ ಹ್ವಾದ್ರ, ನಾ ಯಾರ ಜೋಡಿ ಮಾತಾಡ್ಲೇ ರತ್ನಾ?"